ಜ್ವರಕ್ಕೆ ಉದುರಿದ ಜಡೆ

ಮಾರ್ಚ್ ೯, ಭಾನುವಾರ
ಹಾಸ್ಟೆಲ್

ಪ್ರೀತಿಯ ಅಮ್ಮನಿಗೆ,

ಚೆನ್ನಾಗಿದ್ದೇನೆ ಎಂದು ಶುರುಮಾಡುವುದು ಪದ್ಧತಿ. ಮೈಗೆ ಏನೂ ಆಗಿಲ್ಲ, ಹೊಟ್ಟೆ ಮಾತ್ರ ಉರಿಯುತ್ತಿದೆ. ಕೂಡಲೇ ಮಾತ್ರೆ ನುಂಗು ಎಂದು ಹಿಡಿದುಕೊಳ್ಳಬೇಡ, ಇದು ಆ ಉರಿಯಲ್ಲ. ನಿನ್ನ ಮಂಡಿನೋವು ಹೇಗಿದೆ? ಇಡೀ ದಿನ ನಿಂತೇ ಕೆಲಸ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನೀನು ಕಿವಿಗೇ ಹಾಕಿಕೊಂಡಿರುವುದಿಲ್ಲ, ಬಿಡು.

ಕಾಗದ ಬರೆಯುತ್ತೇನೆ ಎಂದು ಹೇಳಿ ತಿಂಗಳ ಮೇಲಾಯಿತು, ತಪ್ಪಾಯಿತು. ಫೋನ್ ಇದೆಯಲ್ಲ ಅನ್ನುತ್ತೀಯ. ಫೋನಿನಲ್ಲಿ ನಮ್ಮಿಬ್ಬರ ಮಾತು ನಿನಗೂ ಗೊತ್ತು. ಊಟ ಆಯಿತಾ ಅನ್ನುತ್ತೀಯ, ಆಯಿತು ಅನ್ನುತ್ತೇನೆ. ನಿದ್ದೆ ಸರಿಯಾಗಿ ಮಾಡುತ್ತಿದ್ದೀಯಾ ಅನ್ನುತ್ತೀಯ, ಹೂಂ ಅನ್ನುತ್ತೇನೆ. ಅಷ್ಟರಲ್ಲಿ ಪಾರ್ಲರಿಗೆ ಯಾರೋ ಬಂದರು ಎಂದು ನೀನು ಇಡುತ್ತೀಯ. ಈಗ ಹೇಳಬೇಕಾದ್ದು ಆ ಫೋನಿನಲ್ಲಿ ಹಿಡಿಸುವಂಥದ್ದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕಳೆದ ತಿಂಗಳು ನನ್ನ ರೂಮ್‌ಮೇಟು ಕ್ಯಾಮೆರಾ ಹೊತ್ತುಕೊಂಡು ನಿನ್ನ ಪಾರ್ಲರಿಗೆ ಬಂದಳಲ್ಲ, ನಮ್ಮ ರೇಡಿಯೋ, ಅವಳ ವಿಷಯ. ಬಾಯಿ ಮುಚ್ಚುವುದೇ ಇಲ್ಲ ಎಂದು ಕ್ಲಾಸಿನವರೆಲ್ಲ ಸೇರಿ ಇಟ್ಟ ಹೆಸರು ಅದು. ನಮ್ಮ ಫಿಲ್ಮ್ ವಿಭಾಗದಲ್ಲಿ ಕೊನೆಯ ವರ್ಷದವರು ಒಬ್ಬರ ಬದುಕಿನ ಮೇಲೆ ಚಿಕ್ಕ ಸಾಕ್ಷ್ಯಚಿತ್ರ ಮಾಡಬೇಕು. ಆದರೆ ತನ್ನ ಮನೆಯವರನ್ನು ತಾನೇ ತೆಗೆಯಬಾರದು ಎಂಬುದು ಎಡಿಟಿಂಗ್ ಮೇಡಂ ಅವರ ಕಟ್ಟುನಿಟ್ಟು. ಮನೆಯವರು ನಮ್ಮ ಮುಂದೆ ನಿಜ ಹೇಳುವುದಿಲ್ಲ, ಅಪ್ಪ-ಅಮ್ಮನ ಪಾತ್ರ ಮಾಡುತ್ತಾರೆ ಅನ್ನುತ್ತಾರೆ ಅವರು. ಹಾಗಾಗಿ ಜೋಡಿ ಮಾಡಿ ಮನೆ ಅದಲುಬದಲು ಮಾಡಿಸುತ್ತಾರೆ. ನಾನು ಅವಳ ಅಪ್ಪನ ಸೈಕಲ್ ಅಂಗಡಿಗೆ ಹೋದೆ, ಅವಳು ನಿನ್ನಲ್ಲಿಗೆ ಬಂದಳು. ಅಲ್ಲಿಗೆ ಮುಗಿಯಲಿಲ್ಲ. ತೆಗೆದವರೇ ಎಡಿಟ್ ಮಾಡುವಂತಿಲ್ಲ, ಜೋಡಿಯವರು ಮಾಡಬೇಕು. ಅಂದರೆ ಅವಳು ತೆಗೆದ ನಿನ್ನನ್ನು ಕತ್ತರಿಸಿ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಉರಿ ಹತ್ತಿದ್ದು ಅವಳು ವಾಪಸ್ ಬಂದ ದಿನವೇ. ಕೂದಲು ಕತ್ತರಿಸಿಕೊಂಡು ಬಂದಿದ್ದಳು! ಹಾಸ್ಟೆಲ್ಲಿನ ಹುಡುಗಿಯರೆಲ್ಲ ಸುತ್ತ ನಿಂತು ತಿರುಗಿಸಿ ತಿರುಗಿಸಿ ನೋಡಿದರು. ಎಲ್ಲೇ, ಯಾರೇ ಕತ್ತರಿಸಿದ್ದು ಎಂದರೆ ಇವಳು ನನ್ನ ಕಡೆ ಕೈ ತೋರಿಸಿ, ಅಮ್ಮ ಅಂದಳು. ಯಾರ ಅಮ್ಮ? ಆಂಟಿ ಅನ್ನು ಎಂದು ರೂಮಿಗೆ ಬಂದ ಮೇಲೆ ಹೇಳಿದೆ. ಅವರೇ ಅಮ್ಮ ಅನ್ನು ಅಂದರು ಎಂದಳು. ಬಟ್ಟೆ ಒಣಹಾಕುವ ನೆಪ ಮಾಡಿ ಟೆರೇಸಿಗೆ ಹೋದೆ. ಒಣಹಾಕಲು ಬಟ್ಟೆಯೇ ಇರಲಿಲ್ಲ.

ಎಡಿಟಿಂಗ್ ರೂಮ್ ನೀನು ನೋಡಿಲ್ಲ. ಕಿಟಕಿಯಿಲ್ಲದ ಚಿಕ್ಕ ಕೋಣೆ, ಎಸಿ ಚಳಿ, ಎರಡು ಪರದೆ, ಒಂದು ಕಿರುಗುಟ್ಟುವ ಕುರ್ಚಿ. ಹೆಡ್‌ಫೋನ್ ಹಾಕಿಕೊಂಡರೆ ಹೊರಗಿನದು ಏನೂ ಕೇಳಿಸುವುದಿಲ್ಲ. ಅಲ್ಲಿ ಕೂತು ನಿನ್ನನ್ನು ದಿನಗಟ್ಟಲೆ ನೋಡಿದೆ. ಇಷ್ಟು ಹೊತ್ತು ನಿನ್ನ ಮುಖ ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನೀನು ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತೀಯ, ಗೊತ್ತಾ? ಗಿರಾಕಿ ಕನ್ನಡಿ ನೋಡುವ ಮೊದಲು ನೀನು ಒಂದು ಸಲ ನೋಡಿ, ಒಪ್ಪಿಗೆಯಾದರೆ ಮಾತ್ರ ಕುರ್ಚಿ ತಿರುಗಿಸುತ್ತೀಯ. ರೇಡಿಯೋ ಅದನ್ನೆಲ್ಲ ಹಿಡಿದಿದ್ದಾಳೆ. ಅಷ್ಟು ಮಾತಾಡುವವಳು ಕ್ಯಾಮೆರಾ ಹಿಂದೆ ಒಂದು ಉಸಿರೂ ಎತ್ತುವುದಿಲ್ಲ. ನೀನು ಸುಮ್ಮನಾದರೆ ಅವಳೂ ಸುಮ್ಮನೆ ಕಾಯುತ್ತಾಳೆ, ನೀನೇ ಮತ್ತೆ ಶುರುಮಾಡುತ್ತೀಯ. ಹೊಗಳುತ್ತಿಲ್ಲ, ಇದ್ದದ್ದನ್ನು ಬರೆದೆ.

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಅವಳೇ ನಿನ್ನ ಕುರ್ಚಿಯಲ್ಲಿ ಕೂತ ಭಾಗಕ್ಕೆ ಬಂದೆ. ನೀನು ಅವಳ ತಲೆಗೆ ನೀರು ಚಿಮುಕಿಸುತ್ತ ಜಡೆಯ ಕಥೆ ಹೇಳಿದೆ.

ಅಮ್ಮಾ, ಗೋಡೆಯ ಮೇಲಿನ ನಿನ್ನ ಆ ಫೋಟೋ, ಗಂಡುಹುಡುಗರ ಹಾಗೆ ಗಿಡ್ಡ ಕೂದಲಿರುವುದು, ಅದನ್ನು ತೋರಿಸಿ ನಾನು ಚಿಕ್ಕವಳಿದ್ದಾಗ ಎಷ್ಟು ಸಲ ಕೇಳಿಲ್ಲ? ಜ್ವರ ಬಂದಿತ್ತು, ಉದುರಿಹೋಯಿತು ಅನ್ನುತ್ತಿದ್ದೆ ನೀನು. ನಾನು ಶಾಲೆಯಲ್ಲಿ ನನ್ನ ಅಮ್ಮನ ದೊಡ್ಡ ಜ್ವರದ ಬಗ್ಗೆ ಪ್ರಬಂಧವನ್ನೇ ಬರೆದಿದ್ದೆ, ಟೀಚರ್ ಕಣ್ಣಲ್ಲಿ ನೀರು ಹಾಕಿಕೊಂಡಿದ್ದರು. ಈಗ ನೋಡಿದರೆ ಜ್ವರವೂ ಇಲ್ಲ, ಗಿರವೂ ಇಲ್ಲ. ನಿನ್ನ ಮೊದಲ ಮದುಮಗಳು ಕೂತಿದ್ದಳಂತೆ. ಹೊಸ ಕೈ, ಕೂದಲು ಸುರುಳಿ ಮಾಡುವ ಬಿಸಿ ಕಡ್ಡಿ ಎಷ್ಟು ಹೊತ್ತು ಹಿಡಿಯಬೇಕೆಂದು ಗೊತ್ತಿಲ್ಲದೆ ಹಿಡಿದೇ ಇದ್ದೆಯಂತೆ. ಹಿಂಭಾಗದ ಕೂದಲು ಸುಟ್ಟು ಕೈಗೇ ಬಂತಂತೆ. ಅವಳು ಕನ್ನಡಿಯಲ್ಲಿ ಕಾಣುವ ಮುಂಭಾಗ ಮಾತ್ರ ನೋಡುತ್ತ ನಗುತ್ತಿದ್ದಳಂತೆ. ನೀನು ಪರದೆಯ ಹಿಂದೆ ಹೋಗಿ ನಿನ್ನ ಸೊಂಟದುದ್ದದ ಜಡೆಯನ್ನು ಬುಡದಲ್ಲಿ ಕತ್ತರಿಸಿ, ಚೌರಿಯ ಹಾಗೆ ಹೊಲಿದು, ಅವಳ ತಲೆಗೆ ಪಿನ್ನು ಹಾಕಿ ಕೂರಿಸಿದೆ. ತಲೆಗೆ ಬಟ್ಟೆ ಕಟ್ಟಿಕೊಂಡು ಬಂದ ನಿನ್ನನ್ನು ಮದುಮಗಳು ಏನಾಯಿತು ಎಂದು ಕೇಳಿದ್ದಕ್ಕೆ, ಜ್ವರ ಬರುವ ಹಾಗಿದೆ ಅಂದೆ. ಆ ಜ್ವರವನ್ನೇ ಅಪ್ಪನಿಗೂ ಹೇಳಿದೆ, ನನಗೂ ಹೇಳಿದೆ.

ಇದನ್ನು ಹೇಳುವಾಗ ನೀನು ನಗುತ್ತಿದ್ದೆ. ಕತ್ತರಿ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣು ಒರೆಸಿಕೊಂಡು ನಕ್ಕೆ. ಆ ನಗು ಮನೆಯಲ್ಲಿ ಎಲ್ಲಿತ್ತು? ಇಷ್ಟು ವರ್ಷ ನನಗೆ ಜ್ವರ, ಎರಡು ದಿನಕ್ಕೆ ಬಂದವಳಿಗೆ ನಿಜ. ಇದು ಯಾವ ನ್ಯಾಯ?

ನಾನು ಏನು ಮಾಡಿದೆ ಗೊತ್ತಾ? ಕಥೆಯನ್ನೇ ಕಿತ್ತುಹಾಕಿದೆ. ಜಡೆಯೂ ಇಲ್ಲ, ನಗುವೂ ಇಲ್ಲ. ನೀನು ಪಾರ್ಲರಿನ ಬೀಗ ತೆಗೆದೆ, ಕಸ ಗುಡಿಸಿದೆ, ಕೂದಲು ಕತ್ತರಿಸಿದೆ, ಬೀಗ ಹಾಕಿದೆ, ನಾನು ಇಷ್ಟೇ ಉಳಿಸಿದೆ. ನೋಡಲು ಅಚ್ಚುಕಟ್ಟಾಗಿತ್ತು, ಉಪ್ಪು ಹಾಕದ ಅಡುಗೆಯ ಹಾಗೆ.

ಅತ್ತ ಅವಳು ಏನು ಮಾಡಿದಳು ಅದನ್ನೂ ಕೇಳು. ಅವಳ ಅಪ್ಪ ನನ್ನ ಕ್ಯಾಮೆರಾ ಮುಂದೆ ಪಂಕ್ಚರ್ ಬಿಟ್ಟು ಬೇರೆ ಮಾತೇ ಆಡಿರಲಿಲ್ಲ. ಮಗಳ ಬಗ್ಗೆ ಕೇಳಿದರೆ, ಓದ್ತಾಳೆ ಎಂದು ಟ್ಯೂಬು ನೀರಿಗೆ ಅದ್ದಿದರು. ಅವಳು ಆ ಒಂದು ಮಾತನ್ನೇ ಇಟ್ಟುಕೊಂಡು, ಅದರ ಹಿಂದೆ ಮುಂದೆ ಅವರು ಸುಮ್ಮನೆ ಕೂತದ್ದನ್ನೆಲ್ಲ ಜೋಡಿಸಿದ್ದಾಳೆ. ಮೇಡಂ ಅದನ್ನು ಕ್ಲಾಸಿನಲ್ಲಿ ಹಾಕಿದಾಗ ನೋಡಿದವರೆಲ್ಲ ಕೆಮ್ಮುತ್ತ ಕಣ್ಣು ತಪ್ಪಿಸಿದರು. ನಾನು ತೆಗೆದದ್ದರಲ್ಲೂ ಒಳ್ಳೆಯದನ್ನು ಅವಳೇ ಹುಡುಕಬೇಕಾ? ಚಪ್ಪಾಳೆ ತಟ್ಟಿದೆ. ಕೈ ನೋಯುವಷ್ಟು ತಟ್ಟಿದೆ, ಯಾರಿಗೂ ಅನುಮಾನ ಬರಬಾರದಲ್ಲ.

ಆಮೇಲೆ ನಾನು ಜೋಡಿಸಿದ ನಿನ್ನ ಚಿತ್ರ ಹಾಕಿದರು. ಮುಗಿದ ಮೇಲೆ ಮೇಡಂ ಕನ್ನಡಕ ತೆಗೆದು, ಈ ಹೆಂಗಸು ಇದಕ್ಕಿಂತ ದೊಡ್ಡವಳು, ನೀನು ಏನೋ ಬಿಟ್ಟಿದ್ದೀಯ ಅಂದರು. ನಾನು ತಕ್ಷಣ, ಒಂದು ಭಾಗ ಇತ್ತು ಮೇಡಂ, ಸೌಂಡ್ ಕೆಟ್ಟಿತ್ತು ಎಂದುಬಿಟ್ಟೆ. ರೇಡಿಯೋ ಪಕ್ಕದಲ್ಲೇ ಕೂತಿದ್ದಳು. ಅವಳ ಸೌಂಡ್ ಯಾವತ್ತೂ ಕೆಡುವುದಿಲ್ಲ, ಅದು ಕ್ಲಾಸಿಗೇ ಗೊತ್ತು. ನನ್ನ ಮುಖ ನೋಡಿದಳು. ಆಮೇಲೆ ಮೇಡಂ ಕಡೆ ತಿರುಗಿ, "ಹೌದು ಮೇಡಂ, ಪಕ್ಕದಲ್ಲಿ ಡ್ರೈಯರ್ ಓಡ್ತಿತ್ತು, ನಾನೇ ನೋಡ್ಕೊಳ್ಳಲಿಲ್ಲ" ಅಂದಳು.

ಅವಳ ಅಂಕ ಹೋಗುತ್ತದೆ ಅದರಿಂದ. ಆದರೂ ಅಂದಳು. ನಿಜ ಹೇಳುತ್ತೇನೆ, ನನಗೆ ಉಪಕಾರ ಅನ್ನಿಸಲಿಲ್ಲ, ಇನ್ನೂ ಉರಿಯಿತು. ಜಗಳವಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ರೂಮಿಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ. "ಅಮ್ಮ ತೋರಿಸು ಅಂದಿದ್ರು ಕಣೇ. ಮಗಳು ನೋಡ್ಲಿ ಅಂತಾನೇ ಹೇಳಿದ್ದು ಅಂದ್ರು. ನಿನಗೆ ಬೇಡ ಅನ್ಸಿದ್ರೆ ಬಿಡು." ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಮಾರನೆಯ ದಿನ ಮತ್ತೆ ಎಡಿಟಿಂಗ್ ರೂಮಿಗೆ ಹೋದೆ. ಒಳ್ಳೆಯ ಬುದ್ಧಿ ಬಂದು ಹೋದದ್ದಲ್ಲ. ಎಲ್ಲಾದರೂ ಒಂದು ಡ್ರೈಯರ್ ಸದ್ದು ಸಿಕ್ಕರೆ ನನ್ನ ಸುಳ್ಳು ನಿಜವಾಗುತ್ತದಲ್ಲ ಎಂದು ಹೋದೆ. ನಿನ್ನ ಏಪ್ರನ್ ಜೇಬಿನಲ್ಲಿ ಅವಳು ಒಂದು ಪುಟ್ಟ ರೆಕಾರ್ಡರ್ ಇಟ್ಟಿದ್ದಳಲ್ಲ, ಅದರ ಸೌಂಡನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಡ್ರೈಯರೂ ಇಲ್ಲ, ಮಣ್ಣೂ ಇಲ್ಲ. ಕ್ಯಾಮೆರಾ ನಿಲ್ಲಿಸಿದ ಮೇಲೂ ಅದು ಓಡುತ್ತಲೇ ಇತ್ತು, ತೆಗೆಯಲು ಅವಳು ಮರೆತಿದ್ದಳು. ಅಲ್ಲಿ ಕೇಳಿಸಿದ್ದನ್ನು ಇಲ್ಲಿ ಬರೆಯಲು ಇನ್ನೂ ಧೈರ್ಯ ಬಂದಿಲ್ಲ. ಕೇಳಿದ ಮೇಲೆ ಜಡೆಯನ್ನು ಚಿತ್ರಕ್ಕೆ ವಾಪಸ್ ಹಾಕಿದೆ, ನಗು ಸಮೇತ. ಮೇಡಂ ಹತ್ತಿರ ಹೋಗಿ, ಸೌಂಡ್ ಸರಿಯಾಗಿಯೇ ಇತ್ತು, ಕೆಟ್ಟದ್ದು ನಾನು ಎಂದು ಹೇಳಿದೆ. ಅವರು ಬೈಯಲಿಲ್ಲ. ನನ್ನ ಅಂಕ ಕಡಿಮೆ ಮಾಡುತ್ತೇನೆ, ಅವಳದು ಹಾಗೇ ಇರುತ್ತದೆ ಅಂದರು. ಸರಿ ಅಂದೆ. ರೇಡಿಯೋಗೆ ಹೇಳಿದರೆ ಅವಳು ನನ್ನನ್ನು ತಬ್ಬಿಕೊಂಡು ಒಂದೇ ಸಮನೆ ಮಾತಾಡಿದಳು, ಕಿವಿ ನೋವು ಬಂತು.

ಉರಿ ಆರಿತು ಅಂದುಕೊಳ್ಳಬೇಡ. ಅವಳ ಕೂದಲು ಕಂಡಾಗಲೆಲ್ಲ ಈಗಲೂ ಚುರುಕ್ ಅನ್ನುತ್ತದೆ.

ಬರುವ ಶುಕ್ರವಾರ ಸಂಜೆ ನಮ್ಮ ಸಭಾಂಗಣದಲ್ಲಿ ಎಲ್ಲ ಚಿತ್ರಗಳನ್ನೂ ತೋರಿಸುತ್ತಾರೆ, ಮನೆಯವರೂ ಬರಬಹುದು. ಪಾರ್ಲರಿಗೆ ಒಂದು ದಿನ ಬೀಗ ಹಾಕಿ ಬಾ. ಅಪ್ಪನನ್ನೂ ಕರೆದುಕೊಂಡು ಬಾ, ಜ್ವರದ ವಿಷಯ ದಾರಿಯಲ್ಲೇ ಹೇಳಿಬಿಡು, ಅಲ್ಲಿ ನೂರು ಜನರ ನಡುವೆ ಅವರಿಗೆ ಗೊತ್ತಾಗುವುದು ಬೇಡ. ರೇಡಿಯೋ ಬಾಗಿಲಲ್ಲೇ ನಿಂತು ಅಮ್ಮಾ ಎಂದು ಕೂಗುತ್ತಾಳೆ. ಕೂಗಲಿ. ಆದರೆ ನೀನು ಕೂರುವುದು ನನ್ನ ಪಕ್ಕದಲ್ಲಿ.

ನಿನ್ನ ಮಂಡಿ ಗಟ್ಟಿಯಾಗಿರಲಿ, ಕತ್ತರಿ ಹರಿತವಾಗಿರಲಿ, ಕೈಗೆ ಬಿಡುವಿಲ್ಲದಷ್ಟು ಗಿರಾಕಿಗಳು ಬರಲಿ, ಅವರಲ್ಲಿ ಯಾರೂ ನಿನ್ನನ್ನು ಅಮ್ಮ ಅನ್ನದಿರಲಿ. ನೀನು ನನ್ನನ್ನು ಹರಸಬೇಕು, ನಾನೇ ನಿನ್ನನ್ನು ಹರಸುತ್ತಿದ್ದೇನೆ. ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ
ಪುಟ್ಟಿ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲು ಆಗಲಿಲ್ಲ. ಕ್ಯಾಮೆರಾ ನಿಂತ ಮೇಲೆ ನೀನು ರೇಡಿಯೋಗೆ ಹೇಳಿದ್ದು ಹೀಗಿದೆ. "ನನ್ನ ಪುಟ್ಟಿ ತಲೆನೂ ಹೀಗೇ, ಬಗ್ಗಿಸು ಅಂದ್ರೆ ಬಗ್ಗಿಸ್ತಾನೇ ಇರ್ಲಿಲ್ಲ. ಈಗ ಅಲ್ಲೇ ಯಾವುದೋ ದೊಡ್ಡ ಅಂಗಡೀಲಿ ಕತ್ತರಿಸ್ಕೊತಾಳೆ. ಹೋದ್ಸಲ ರಜೆಗೆ ಬಂದಾಗ ನೋಡ್ದೆ, ಹಿಂದೆ ಎಡಗಡೆ ಏರುಪೇರು ಮಾಡಿದ್ರು. ಕೂತ್ಕೋ ಸರಿಮಾಡ್ತೀನಿ ಅನ್ನೋಣ ಅಂತ ಬಾಯಿಗೆ ಬಂತು. ಓದಿದ ಹುಡುಗಿ, ಏನಂದ್ಕೋತಾಳೋ ಅಂತ ಹೆದರಿಕೊಂಡು ಚೆನ್ನಾಗಿದೆ ಅಂದ್ಬಿಟ್ಟೆ."

ನನಗೆ ನೆನಪಿದೆ. ನೀನು ಚೆನ್ನಾಗಿದೆ ಎಂದು ಟವೆಲ್ ಮಡಚುತ್ತ ಕೂತೆ. ನಿನಗೆ ನನ್ನ ಕೂದಲು ನೋಡಲೂ ಪುರುಸೊತ್ತಿಲ್ಲ ಎಂದು ನಾನು ಆವತ್ತು ರಾತ್ರಿ ಅತ್ತೆ. ಅಮ್ಮಾ, ಊರಿನವರ ತಲೆಯೆಲ್ಲ ಹಿಡಿದು ಬಗ್ಗಿಸುವವಳು ನೀನು, ನನಗೆ ಹೆದರುತ್ತೀಯಾ?

ಆ ಮಾತನ್ನು ಚಿತ್ರಕ್ಕೆ ಹಾಕೋಣವಾ ಎಂದು ರೇಡಿಯೋ ಕೇಳಿದಳು. ಇಲ್ಲ ಅಂದೆ. ಜಡೆ ಎಲ್ಲರಿಗೂ ಇರಲಿ, ಈ ಮಾತು ನನ್ನದು, ಯಾರಿಗೂ ಕೊಡುವುದಿಲ್ಲ. ಎಡಗಡೆ ಇನ್ನೂ ಹಾಗೇ ಇದೆ, ಆಮೇಲೆ ಯಾರ ಕೈಗೂ ತಲೆ ಕೊಟ್ಟಿಲ್ಲ. ಶುಕ್ರವಾರ ಬರುವಾಗ ಕತ್ತರಿ ತಾ.