ಗಟ್ಟಿ ರಕ್ತದ ಊರಲ್ಲಿ

ಮೇ 6, ಬೆಳಿಗ್ಗೆ 8

ಸಲೈನ್ ಚೀಲಗಳು ಐಸಿನ ಹಾಗಿವೆ. ಶಾಲಿನೊಳಗೆ ಅವಚಿಕೊಂಡು ಬೆಚ್ಚಗೆ ಮಾಡ್ತಿದ್ದೀನಿ. ಇವತ್ತು ಕ್ಲಿನಿಕ್ಕಿಗೆ ಮೂವರು ರೋಗಿಗಳು. ಒಬ್ಬೊಬ್ಬರಿಂದ ಅರ್ಧ ಲೀಟರ್ ರಕ್ತ ತೆಗೆಯೋದು, ಅಷ್ಟೇ ಉಪ್ಪುನೀರು ಏರಿಸೋದು. ಈ ಗಣಿ ಊರು ಐದು ಸಾವಿರ ಮೀಟರ್ ಎತ್ತರದಲ್ಲಿದೆ. ಗಾಳಿ ಸಾಲದೆ ಮೈ ಕೆಂಪುಕಣ ಹುಟ್ಟಿಸುತ್ತಲೇ ಇರುತ್ತೆ. ರಕ್ತ ಗಂಜಿಯಾಗುತ್ತೆ.

ಕೊನೆಗೆ ದೋನ್ ಬಸಿಲಿಯೋ. ಮೂವತ್ತು ವರ್ಷ ಗಣಿ ಕೊರೆದವರು, ಈಗ ಬ್ರೆಡ್ ಸುಡ್ತಾರೆ. ಹೆಂಡತಿ ತೀರಿ ಆರು ವರ್ಷ. ಎದೆನೋವು ಅಂತ ಕೆಳಗೆ ಅರೆಕೀಪಾ ನಗರಕ್ಕೆ ಹೋಗಿ ಆಂಜಿಯೋಗ್ರಾಂ ಮಾಡಿಸಿಕೊಂಡು ಬಂದಿದ್ದಾರೆ.

"ದೊಡ್ಡ ನಾಳ ಎಲ್ಲ ಕ್ಲೀನ್ ಅಂತೆ ತಂಗಿ. ಮತ್ತೆ ನೋವು ಯಾಕೆ?"

"ಕೂದಲಿಗಿಂತ ಸಣ್ಣ ನಾಳಗಳಿವೆ. ಆ ಪರೀಕ್ಷೇಲಿ ಅವು ಕಾಣಲ್ಲ. ಈ ಗಟ್ಟಿ ರಕ್ತ ಅಲ್ಲಿ ತೆವಳ್ತಿದೆ. ಹೃದಯಕ್ಕೇ ಉಸಿರು ಸಿಗ್ತಿಲ್ಲ."

"ಓಹೋ. ಹೆದ್ದಾರಿ ಖಾಲಿ, ಗಲ್ಲೀಲಿ ಲಾರಿ ಸಿಕ್ಕಾಕೊಂಡಿದೆ."

"ಕೆಳಗೆ ಹೋಗಿಬಿಡಿ. ಸಮುದ್ರದ ಕಡೆ."

"ನೀನು ಯಾವತ್ತು ಹೋಗ್ತೀಯ? ತುಟಿ ನೋಡ್ಕೊಂಡಿದ್ದೀಯಾ? ಬದನೇಕಾಯಿ!"

ಮೇ 9

ನನ್ನದೂ ಪರೀಕ್ಷೆ ಮಾಡಿದೆ. ನೂರರಲ್ಲಿ ಅರವತ್ತೊಂಬತ್ತು ಭಾಗ ಕೆಂಪುಕಣ; ನಲವತ್ತೈದರ ಆಸುಪಾಸು ಇರಬೇಕಾದದ್ದು. ಯಾರಿಗೂ ಹೇಳಲಿಲ್ಲ. ಯಾರಿದ್ದಾರೆ ಹೇಳೋಕೆ? ನೀರು ಹೊತ್ತು ದಿಬ್ಬ ಏರುವಾಗ ಎದೆ ಮೇಲೆ ಯಾರೋ ಮೊಣಕಾಲು ಊರಿದ ಹಾಗೆ... ವರ್ಷದಿಂದ.

ಮೇ 27

ದೋನ್ ಬಸಿಲಿಯೋ ಒಲೆ ಮುಂದೆ ಕುಸಿದರು. ಹೊತ್ತು ತಂದರು. ಆಕ್ಸಿಜನ್ ಕೊಟ್ಟೆ, ರಕ್ತ ತೆಗೆದೆ. ಕಣ್ಣು ಬಿಟ್ಟು ಮೊದಲು ಹೇಳಿದ್ದು—

"ಸಮುದ್ರದ ದಂಡೆ ಮೇಲೆ, ಮೊಯೆಂದೊದಲ್ಲಿ ನನ್ನ ನಾದಿನಿ ಮನೆ ಇದೆ. ನೀನು ಬಂದ್ರೆ ಹೋಗ್ತೀನಿ. ಇಲ್ಲಾಂದ್ರೆ ಇಲ್ಲ."

ಬರ್ತೀನಿ ಅಂದೆ. ಸುಳ್ಳು. ಹಾಗಂದರೆ ಮಾತ್ರ ಹೊರಡೋ ಮನುಷ್ಯ.

ಜೂನ್ 1

ಅವರನ್ನು ವ್ಯಾನ್ ಹತ್ತಿಸಿ, ನಾನು ಹೊರಗೇ ನಿಂತು ಬಾಗಿಲು ಎಳೆದೆ. ಕಿಟಕಿಯಿಂದ ತಲೆ ಹಾಕಿ ಕೂಗಿದರು, "ಮೋಸಗಾತೀ!" ಜನ ನಕ್ಕರು. ನಾನೂ ನಕ್ಕೆ.

ಎಷ್ಟು ಜನರನ್ನು ಹೀಗೆ ಕೆಳಗೆ ಕಳಿಸಿದ್ದೀನೋ. ಆಮೇಲೆ ಸುದ್ದಿಯೇ ಇಲ್ಲ. ಬದುಕಿರಬೇಕು. ಕೆಳಗೆ ನನಗೆ ಯಾರಿದ್ದಾರೆ? ಇಲ್ಲಿಯಾದರೂ ಜನ ತೋಳು ಚಾಚಿಕೊಂಡು ಬರ್ತಾರೆ.

ಜುಲೈ 30

ಫೋನ್. "ನಿಲ್ಲದೆ ಮೂರು ಮಹಡಿ ಹತ್ತಿದೆ, ಮೋಸಗಾತಿ. ಕೆಂಪುಕಣ ಐವತ್ತಮೂರಕ್ಕೆ ಇಳಿದಿದೆ. ನೋವಿಲ್ಲ."

ಸಂತೋಷ ಅಂದೆ. ಆಮೇಲೆ ಕೇಳಿದರು, "ನಿನ್ನ ರಕ್ತ ಯಾರು ತೆಗೀತಾರೆ?"

ಲೈನ್ ಸರಿಯಿಲ್ಲ ಅಂತ ಇಟ್ಟುಬಿಟ್ಟೆ. ಇಲ್ಲಿನ ಹದಿನೆಂಟು ವರ್ಷದಲ್ಲಿ ಇದನ್ನ ಯಾರೂ ಕೇಳಿರಲಿಲ್ಲ.

ಆಗಸ್ಟ್ 2

ರಕ್ತ ತೆಗೆಯೋಕೆ ಎಡಗೈಗೆ ನಾನೇ ಸೂಜಿ ಹಾಕಿಕೊಳ್ಳೋಕೆ ಹೋದೆ. ಮೂರು ಸಲ ಚುಚ್ಚಿದೆ. ನಾಲ್ಕು ಹನಿ... ಕೊಳವೆಯಲ್ಲೇ ಹೆಪ್ಪುಗಟ್ಟಿತು. ಬ್ಯಾಂಡೇಜ್ ಬಿಗಿಯೋಕೆ ಹಲ್ಲು ಬೇಕಾಯಿತು. ಆಗ ಅಳು ಬಂತು.

ಆಗಸ್ಟ್ 11, ಮಧ್ಯಾಹ್ನ 12.20

ಬಾಗಿಲಲ್ಲಿ ದೋನ್ ಬಸಿಲಿಯೋ! ಗೋಡೆ ಹಿಡಿದು ಏದುಸಿರು ಬಿಡ್ತಾ.

"ಹುಚ್ಚಾ ನಿಮಗೆ? ಸಾಯೋಕೆ ಹತ್ತಿ ಬಂದ್ರಾ?"

"ಒಂದು ಗಂಟೆಗೆ ವ್ಯಾನ್. ನೀನು ಹತ್ತದಿದ್ರೆ ನಾನೂ ಹತ್ತಲ್ಲ. ಇಲ್ಲೇ ಕೂತಿರ್ತೀನಿ, ನೋಡ್ತಾ ಇರು."

"ಇಲ್ಲಿನ ಜನಕ್ಕೆ ಯಾರು ಗತಿ?"

"ನಿಮ್ಮ ಕ್ಲಿನಿಕ್ ನಡೆಸೋ ಡಾಕ್ಟರಮ್ಮನ ಹತ್ರ ಮಾತಾಡಿದ್ದೀನಿ. ಸೋಮವಾರ ಬೇರೆ ನರ್ಸ್ ಬರ್ತಾಳೆ. ನಾದಿನಿ ಮಂಚ ಹಾಕಿಟ್ಟಿದ್ದಾಳೆ. ಇನ್ನೇನು ನೆಪ?"

ಮಂಚದ ಕೆಳಗಿನ ಚೀಲ ಎಳೆದೆ. ಬಟ್ಟೆ ತುಂಬ್ತಿದ್ದೀನಿ.

ಅವರಿಗೆ ಆಕ್ಸಿಜನ್ ಹಚ್ಚಿ ಕೂರಿಸಿದ್ದೀನಿ. ಕಣ್ಣು ನನ್ನ ಮೇಲೇ. ಉಣ್ಣೆ ಬಟ್ಟೆ ಬೇಡವಂತೆ, ಕೆಳಗೆ ಸೆಖೆಯಂತೆ. ತೆಳುವಾದದ್ದು ನನ್ನ ಹತ್ತಿರ ಒಂದೂ ಇಲ್ಲ.

"ಆಮೇಲೆ ಬರೀ ಮಾರಾಯ್ತಿ, ವ್ಯಾನಿನವನು ಹಾರ್ನ್ ಹೊಡೀತಿದ್ದಾನೆ!"

ದಿಬ್ಬ ಇಳಿಯುವಾಗ ನಾನು ಅವರ ಕೈ ಹಿಡೀಬೇಕೋ, ಅವರೇ ನನ್ನ—