ಮೇಲಿನ ಮುಖದಿಂದ ಬಂದ ಹೈಡ್ರೋಜನ್

ಮಾರ್ಚ್ ೧೧, ಮಂಗಳವಾರ
ಪ್ರಯೋಗಾಲಯದಿಂದ

ತಕರಾರಪ್ಪನಿಗೆ,

ಹೇಗಿದ್ದೀಯ? ನಾನು ಆರಾಮಾಗಿದ್ದೇನೆ. ಶಾಸ್ತ್ರ ಮುಗಿಯಿತು, ಇನ್ನು ವಿಷಯ: ನೀನು ಸೋತೆ.

ನಮ್ಮ ಉಂಗುರದಾಕಾರದ ಆಲ್ಕೀನ್ ಅಣು ನೆನಪಿದೆಯಲ್ಲ? ಅದರ ಜೋಡಿಬಂಧಕ್ಕೆ ಎರಡು ಹೈಡ್ರೋಜನ್ ಸೇರಿಸಬೇಕಿತ್ತು. ಎರಡೂ ಒಂದೇ ಮುಖದಿಂದ ಸೇರುತ್ತವೆ, ಅದರಲ್ಲಿ ನಮಗೆ ಜಗಳವಿರಲಿಲ್ಲ. ಯಾವ ಮುಖದಿಂದ ಅನ್ನೋದೇ ರಗಳೆ. ಮೇಲೆ ಪರಮಾಣುಗಳ ದಪ್ಪ ಕೊಂಬೆಯೊಂದು ಅಡ್ಡ ನಿಂತಿತ್ತು. ಹಾಗಾಗಿ ವೇಗವರ್ಧಕವಾಗಿ ಹಾಕಿದ ಪಲ್ಲೇಡಿಯಂ ಲೋಹದ ಮೇಲೆ ಅಣು ತನ್ನ ಬೋಳು ಮುಖ ಊರಿಯೇ ಕೂರುತ್ತಿತ್ತು, ಹೈಡ್ರೋಜನ್ ಕೆಳಗಿನಿಂದಲೇ ಹತ್ತುತ್ತಿತ್ತು. ಪ್ರತಿ ಸಲವೂ ಬೇಡದ ರೂಪವೇ. ಅದರ ಹಟ ಅದಕ್ಕೆ, ಬಿಡೇ, ಬೇರೆ ಕೆಲಸ ನೋಡೋಣ ಅಂದೆ ನೀನು. ನೀನು ನೋಡಿಕೊಂಡೆ ಕೂಡ. ನಾನು ಬಿಡಲಿಲ್ಲ. ಮನೆಯಲ್ಲೂ ಅದೇ ಮಾತಾಯಿತು, ಆಮೇಲೆ ಮಾತೇ ನಿಂತಿತು, ಕೊನೆಗೆ ಕೋರ್ಟಿನ ಬಾಗಿಲಲ್ಲಿ ಕೈಕುಲುಕಿ ಬೇರೆಯಾದೆವು.

ಮೊನ್ನೆ ಪಲ್ಲೇಡಿಯಂ ಬಿಟ್ಟು ಇರಿಡಿಯಂ ಹಾಕಿದೆ. ಮೇಲಿನ ಮುಖದಲ್ಲಿ ಪುಟ್ಟ ಆಲ್ಕೋಹಾಲ್ ಗುಂಪಿದೆಯಲ್ಲ, ಇರಿಡಿಯಂ ಅದನ್ನು ಹಿಡಿದುಕೊಂಡು, ಕೊಂಬೆಯ ಪಕ್ಕದಲ್ಲೇ ನುಸುಳಿ, ಎರಡು ಹೈಡ್ರೋಜನ್ನನ್ನೂ ಮೇಲಿನಿಂದ ಇಳಿಸಿಬಿಟ್ಟಿತು! ಇವತ್ತು ಪರೀಕ್ಷೆಯ ಯಂತ್ರದಿಂದ ಫಲಿತಾಂಶದ ಹಾಳೆ ಹೊರಬಂತು. ಬೇಡದ ರೂಪದ ಗೆರೆ ಇರಬೇಕಾದ ಕಡೆ ಖಾಲಿ.

ಕಿರುಚಿದೆ. ತಿರುಗಿ ನೋಡಲು ಯಾರೂ ಇರಲಿಲ್ಲ. ರಜೆ. ನಮ್ಮ ಮೇಷ್ಟ್ರು ನಿವೃತ್ತರಾಗಿ ಮಗಳ ಊರು ಸೇರಿದ್ದಾರೆ. ಕಾವಲಿನವನಿಗೆ ಹೇಳಿದೆ, ಸಂತೋಷವಾಯ್ತು ಮೇಡಂ, ಗ್ಯಾಸ್ ಆಫ್ ಮಾಡಿದ್ದೀರಾ ಅಂದ. ಅಮ್ಮನಿಗೆ ಫೋನ್ ಮಾಡಿದೆ. ಪಾಪ, ಬಹಳ ಹೊತ್ತು ಕೇಳಿಸಿಕೊಂಡು, ಮೇಲಿನಿಂದ ಬಂದರೇನು ಕೆಳಗಿನಿಂದ ಬಂದರೇನು, ಬಂತಲ್ಲ ಬಿಡು, ಊಟ ಮಾಡಿದೆಯಾ ಅಂದಳು. ನಕ್ಕೆ. ಫೋನಿಟ್ಟ ಮೇಲೆ ಅಳು ಬಂತು. ಇದು ಎಷ್ಟು ದೊಡ್ಡ ಸಂಗತಿ ಅಂತ ಬಿಡಿಸಿ ಹೇಳದೆಯೂ ತಿಳಿಯುವವನು ಒಬ್ಬನೇ; ಅವನೀಗ ದೂರದ ಸಾಬೂನು ಕಾರ್ಖಾನೆಯಲ್ಲಿ ಪರಿಮಳ ಬೆರೆಸುತ್ತಾನೆ.

ನೀನಿದ್ದಿದ್ದರೆ ಹಾಳೆ ಕಿತ್ತುಕೊಂಡು ಕಿಟಕಿಗೆ ಹಿಡಿದು, ಇನ್ನೊಮ್ಮೆ ಮಾಡಿ ತೋರಿಸು ಅನ್ನುತ್ತಿದ್ದೆ. ಅದಕ್ಕೇ ಇನ್ನೊಮ್ಮೆ ಇಟ್ಟಿದ್ದೇನೆ. ಹೈಡ್ರೋಜನ್ ತುಂಬಿದ ಬಲೂನು ಫ್ಲಾಸ್ಕಿನ ಮೇಲೆ ನಿಧಾನವಾಗಿ ಕುಗ್ಗುತ್ತಿದೆ. ನಿನ್ನ ಸ್ಟೂಲು ಎಳೆದುಕೊಂಡು ಅದರ ಮುಂದೆ ಕೂತು ಬರೆಯುತ್ತಿದ್ದೇನೆ. ನನ್ನದರ ಕಾಲು ಮುರಿದಿದೆ, ಬೇರೆ ಅರ್ಥ ಹಚ್ಚಬೇಡ.

ಇಂತಿ,
ಪಕ್ಕದ ಮೇಜಿನವಳು

ತಾ.ಕ.: ಕಳೆದ ವಾರ ನಿನ್ನ ತಂಗಿ ಸಿಕ್ಕಿದ್ದಳು. ಮುಂದಿನ ತಿಂಗಳು ನಿನ್ನ ಮದುವೆಯಂತೆ. ಒಳ್ಳೆಯದಾಗಲಿ. ಇದಿಷ್ಟನ್ನೇ ಬರೆಯಬೇಕೆಂದು ಕೂತವಳು ನಾನು.