ಆ ಅರ್ಜಿಗೆ ನಾನು ರುಜು ಹಾಕಲಾರೆ

ಹೊಸಕೊಪ್ಪಲು, ಮಳವಳ್ಳಿ ತಾಲ್ಲೂಕು
೧೪-೧೧-೧೯೪೩, ಭಾನುವಾರ

ಪ್ರೀತಿಯ ಸಿದ್ದರಾಮುವಿಗೆ ನಿನ್ನ ಭಾವ ಬೆಟ್ಟಯ್ಯ ಬರೆಯುವುದು. ಕೊತ್ತತ್ತಿಯಲ್ಲಿ ನೀವೆಲ್ಲ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಾನು ಇದ್ದೇನೆ.

ನೀನು ಕಳಿಸಿದ ಅರ್ಜಿ ತಲುಪಿತು. ನಮ್ಮ ಆಸ್ಪತ್ರೆಯ ಡಾಕ್ಟರನ್ನು ಇಲ್ಲಿಂದ ತೆಗೆಯಬೇಕು, ಅವರ ಅಲಕ್ಷ್ಯದಿಂದಲೇ ನಿನ್ನ ಅಕ್ಕ ಮುದ್ದಮ್ಮ ಸತ್ತಳು ಎಂದು ಬರೆದಿದ್ದೀಯೆ. ಮೂರು ಸಲ ಓದಿದೆ. ಬರುವ ಗುರುವಾರ ಮಂಡ್ಯದಿಂದ ದೊಡ್ಡ ಡಾಕ್ಟರು ತಪಾಸಣೆಗೆ ಬರುವುದರೊಳಗೆ ಗಂಡನಾದ ನನ್ನ ರುಜು ಬೇಕು ಎಂದಿದ್ದೀಯೆ. ಅವಳು ಹೋದ ಮೇಲಿನ ಈ ಐದು ತಿಂಗಳಲ್ಲಿ ನನ್ನ ಬಾಗಿಲಿಗೆ ತಪ್ಪದೆ ಬಂದವನು ನೀನೊಬ್ಬನೇ. ಬಂದಾಗಲೆಲ್ಲ ನೀನೇ ಒಲೆ ಹಚ್ಚಿ ಮುದ್ದೆ ತಿರುವಿ, ನನ್ನೆದುರು ಕೂತು ಉಂಡು ಹೋಗುತ್ತಿದ್ದೆ. ಈ ಕಾಗದ ಓದಿದ ಮೇಲೂ ಬರುತ್ತೀಯೋ ಇಲ್ಲವೋ, ನಾನು ಹೇಳಲಾರೆ.

ಕಣ್ಣು ಮುಚ್ಚಿ ರುಜು ಹಾಕುವುದು ಬೇಡವೆಂದು ಸೋಮವಾರದಿಂದ ನಾಲ್ಕು ದಿನ ಆಸ್ಪತ್ರೆಯ ಜಗಲಿಯ ಬೆಂಚಿನ ಮೇಲೆ ಕೂತು ನೋಡಿದೆ. ಮನೆಗೆ ಬಂದು ದಿನಚರಿಯಲ್ಲಿ ಬರೆದಿಟ್ಟೆ. ಡಾಕ್ಟರು ತಡವಾಗಿ ಬರುತ್ತಾರೆ, ಅದು ನಿಜ. ಮುಖ ಗಂಟು ಹಾಕಿಕೊಂಡೇ ಮಾತಾಡುತ್ತಾರೆ. ಆದರೆ ಸೂಜಿಯನ್ನು ಪ್ರತಿ ಸಲವೂ ಕುದಿಸುತ್ತಾರೆ. ಕಾಂಪೌಂಡರ್ ಜವರಯ್ಯ ಜನ ತಂದ ಬಾಟ್ಲಿಗಳನ್ನು ತೊಳೆಯದೆ ಔಷಧಿ ಹುಯ್ದನೆಂದು ಮಂಗಳವಾರ ಅಷ್ಟನ್ನೂ ಮೋರಿಗೆ ಚೆಲ್ಲಿಸಿದರು. ಕಾಲು ಕುಯ್ದುಕೊಂಡು ಬಂದ ಕೂಲಿಯವನಿಗೂ ಪಟೇಲರಿಗೂ ಒಂದೇ ಸಾಲು.

ಬುಧವಾರ ಕೆಳಗಿನ ಬೀದಿಯ ಸಣ್ಣತಾಯಮ್ಮ ಬಂದಳು. ಡಾಕ್ಟರು ಏನಮ್ಮ ಕಾಯಿಲೆ ಎಂದರೆ ತಲೆನೋವು ಎಂದಳು. ಕೈ ಮಾತ್ರ ಕಿಬ್ಬೊಟ್ಟೆಯ ಮೇಲಿತ್ತು. ಇನ್ನೇನಾದರೂ ಇದೆಯೇ ಎಂದು ಅವರು ಎರಡು ಸಲ ಕೇಳಿದರು. ಅವಳು ನಮ್ಮ ಕಡೆ ನೋಡಿದಳು. ಬೆಂಚಿನಲ್ಲಿದ್ದ ಅಷ್ಟು ಗಂಡಸರೂ ಕಿವಿ ಅತ್ತಲೇ ಇಟ್ಟುಕೊಂಡು ಕೂತಿದ್ದೆವು. ಏನಿಲ್ಲ ಎಂದಳು.

ಆಗ ನಾನು ಎದ್ದು ಎಲ್ಲರೂ ಹುಣಸೆಮರದ ಕೆಳಗೆ ಹೋಗೋಣ ಎಂದೆ. ಊರಿಗೆಲ್ಲ ಸುದ್ದಿ ಹಂಚುವ ಮರಿಸಿದ್ದಯ್ಯ ಸುಮ್ಮನಿರುತ್ತಾನೆಯೇ? “ಏನ್ಲಾ ಬೆಟ್ಟ, ಸರ್ಕಾರ ನಿಂಗೂ ಡಾಕ್ಟ್ರು ಕೆಲ್ಸ ಕೊಟ್ಬುಡ್ತಾ?” ಅಂದ. ಎಲ್ಲರೂ ನಕ್ಕರು, ಆದರೂ ಗೊಣಗಿಕೊಂಡು ಇಳಿದರು. ನಾವು ಮರದ ಕೆಳಗಿದ್ದಷ್ಟು ಹೊತ್ತೂ ಅವಳು ಮಾತಾಡುತ್ತಲೇ ಇದ್ದಳು. ಮಧ್ಯಾಹ್ನದ ಬಸ್ಸಿಗೆ ಡಾಕ್ಟರು ಚೀಟಿ ಬರೆದುಕೊಟ್ಟು ಅವಳನ್ನು ಮೈಸೂರಿಗೆ ಕಳಿಸಿದರು.

ಸಿದ್ದರಾಮು, ನಿನ್ನ ಅಕ್ಕನಿಗೆ ಬರೀ ಜ್ವರ ಬಂದಿತ್ತೆಂದು ನಿನಗೆ ಹೇಳಿದ್ದೆನಲ್ಲ. ಅವಳು ಮೂರು ತಿಂಗಳ ಬಸುರಿಯಾಗಿದ್ದಳು. ಆ ಬಸುರು ಇಳಿದುಹೋಯಿತು. ಮೂರನೆಯ ಸಲ. ಹಿಂದಿನ ಎರಡು ಸಲವೂ ಬಂಧುಗಳು ಮನೆಗೇ ಬಂದು, ಅವಳ ಕಿವಿಗೆ ಬೀಳುವ ಹಾಗೆ, ಇನ್ನೊಬ್ಬಳನ್ನು ತಂದುಕೋ ಎಂದು ನನಗೆ ಬುದ್ಧಿ ಹೇಳಿದ್ದರು. ಅದಕ್ಕೇ ಈ ಸಲ ಯಾರಿಗೂ ಹೇಳಿರಲಿಲ್ಲ. ಎರಡನೆಯ ದಿನ ಮೈ ಸುಡತೊಡಗಿತು. ನಮ್ಮ ಕಡೆಯ ರೂಢಿ ನಿನಗೂ ಗೊತ್ತು, ಕಾಯಿಲೆ ಹೆಂಗಸಿಗಾದರೆ ಬಾಟ್ಲಿ ಹಿಡಿದು ಹೋಗುವವನು ಗಂಡ. ನಾನು ಹೋದೆ. ಜ್ವರ, ಮೈಕೈ ನೋವು ಎಂದೆ. ಬಸುರಿಯೇ ಎಂದು ಡಾಕ್ಟರು ಕೇಳಿದರು. ಪಕ್ಕದಲ್ಲಿ ಮರಿಸಿದ್ದಯ್ಯ ಕೂತಿದ್ದ. ಇಲ್ಲ ಎಂದುಬಿಟ್ಟೆ. ಅವರು ಜ್ವರದ ಔಷಧಿ ಕೊಟ್ಟರು. ಎರಡು ದಿನ ಬಿಟ್ಟು ಮತ್ತೆ ಹೋದಾಗ, “ಔಷಧಿ ಆಮೇಲೆ. ಮೊದಲು ಆಕೆಯನ್ನು ಕರಕೊಂಡು ಬಾ” ಎಂದು ಗದರಿದರು. ಹೂಂ ಎಂದು ಬಂದೆ. ಕರೆದುಕೊಂಡು ಹೋಗಲಿಲ್ಲ. ಅದಾದ ಎರಡು ದಿನಕ್ಕೆ ಅವರೇ ಸೈಕಲ್ ತುಳಿದುಕೊಂಡು ನಮ್ಮ ಮನೆಗೆ ಬಂದರು. ಅಷ್ಟರಲ್ಲಿ ಅವಳಿಗೆ ನನ್ನ ಗುರುತೇ ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನೀನು ಡಾಕ್ಟರನ್ನು ಬೈದೆ. ನಾನು ತಲೆ ಬಗ್ಗಿಸಿ ಕೂತಿದ್ದೆ. ಅದನ್ನು ನೀನು ಒಪ್ಪಿಗೆ ಎಂದುಕೊಂಡೆ. ನನಗೂ ಅದೇ ಸಲೀಸಾಯಿತು.

ಆದ್ದರಿಂದ ಆ ಅರ್ಜಿಗೆ ರುಜು ಹಾಕಲಾರೆ. ಬೇರೊಂದು ಬರೆದಿದ್ದೇನೆ. ನಮ್ಮ ಆಸ್ಪತ್ರೆಗೆ ಬಾಗಿಲಿರುವ ಒಂದು ಕೋಣೆ ಬೇಕು, ಹೆಂಗಸರ ಮಾತು ಕೇಳುವುದಕ್ಕೆ ಒಬ್ಬ ನರ್ಸು ಬೇಕು. ಯಾಕೆ ಬೇಕು ಎಂಬುದನ್ನು ಗುರುವಾರ ಅದೇ ಜಗಲಿಯಲ್ಲಿ, ಮರಿಸಿದ್ದಯ್ಯನ ಮುಂದೆಯೇ, ದೊಡ್ಡ ಡಾಕ್ಟರಿಗೆ ನಾನೇ ಹೇಳುತ್ತೇನೆ. ಊರಿಗಿಂತ ಮೊದಲು ನಿನಗೆ ಗೊತ್ತಾಗಬೇಕಿತ್ತು, ಅದಕ್ಕೆ ಈ ಕಾಗದ.

ಅತ್ತೆಗೆ ಇದನ್ನು ಓದಿ ಹೇಳುವುದೋ ಬಿಡುವುದೋ ನಿನಗೆ ಬಿಟ್ಟಿದ್ದು.

ಇಂತಿ, ನೀನು ಒಪ್ಪಿದರೆ ಇನ್ನೂ ನಿನ್ನ ಭಾವ,
ಬೆಟ್ಟಯ್ಯ

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಕರೆದುಕೊಂಡು ಬಾ ಎಂದು ಡಾಕ್ಟರು ಹೇಳಿದರೆಂದು ಅವಳಿಗೆ ತಿಳಿಸಿದೆ. ಮಾರನೆಯ ಬೆಳಿಗ್ಗೆ ಅವಳು ಬೇರೆ ಸೀರೆ ಉಟ್ಟು, ಗೋಡೆ ಹಿಡಿದುಕೊಂಡು ನಮ್ಮ ಮನೆಯ ಜಗಲಿಗೆ ಬಂದು ಕೂತಳು. “ಗಾಡಿ ಕಟ್ಟಿ. ನಿಮ್ಗೆ ನಾಚ್ಕೆ ಆದ್ರೆ ಬ್ಯಾಡ ಬುಡಿ, ನಾನೇ ಹೇಳ್ತೀನಿ” ಅಂದಳು. ಬಿಸಿಲು ಏರುವವರೆಗೂ ಕೂತಿದ್ದಳು. ನಾನು ಗಾಡಿ ಕಟ್ಟಲಿಲ್ಲ.